ಬೈಂಡಿಂಗ್ ಮನೆಯ ವಾರಗಿತ್ತಿಯರು

ಆ ಬೀದಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು, ಬೈಂಡಿಂಗ್ ಮನೆಯ ವಾರಗಿತ್ತಿಯರದು ಎಣ್ಣೆ ಸೀಗೆಕಾಯಿ ಸಂಬಂಧ ಎಂದು. ಕೆಳಗೆ ಅಣ್ಣತಮ್ಮಂದಿರ ಪುಸ್ತಕ ಬೈಂಡಿಂಗ್ ಅಂಗಡಿ, ಮೇಲೆ ಮನೆ. ಬಾಡಿಗೆ ಮನೆಯೇ, ಆದರೆ ಇಬ್ಬರೂ ಸೊಸೆಯರಾಗಿ ಬಂದು ಮುದುಕಿಯರಾದದ್ದು ಅಲ್ಲೇ. ಅಣ್ಣನ ಹೆಂಡತಿಯನ್ನು ಮನೆಯ ಮಕ್ಕಳ ಹಾಗೆ ಬೀದಿಯವರೂ ದೊಡ್ಡಮ್ಮ ಎನ್ನುತ್ತಿದ್ದರು, ತಮ್ಮನ ಹೆಂಡತಿಯನ್ನು ಚಿಕ್ಕಮ್ಮ. ಮೆಟ್ಟಿಲು ಹತ್ತಿದರೆ ಎಡಕ್ಕೆ ದೊಡ್ಡಮ್ಮನ ಕೋಣೆ, ಬಲಕ್ಕೆ ಚಿಕ್ಕಮ್ಮನದು, ನಡುವೆ ಒಂದೇ ಅಡುಗೆಮನೆ. ಜಗಳಕ್ಕೆ ಅಷ್ಟು ಅನುಕೂಲ ಸಾಕಾಗಿತ್ತು.

ಒಲೆಯ ದೊಡ್ಡ ಉರಿ ಯಾರಿಗೆ, ಬಟ್ಟೆ ಒಣಹಾಕುವ ಹಗ್ಗದ ಬಿಸಿಲು ಬೀಳುವ ತುದಿ ಯಾರಿಗೆ, ಉಪ್ಪಿನ ಡಬ್ಬಿಯ ಮುಚ್ಚಳ ತೆಗೆದಿಟ್ಟವರು ಯಾರು, ಹೀಗೆ ಬೆಳಿಗ್ಗೆಯೇ ಶುರುವಾಗುತ್ತಿತ್ತು. ಮಧ್ಯಾಹ್ನ ಊಟ ಮುಗಿದ ಮೇಲೆ ಇಬ್ಬರೂ ಹಜಾರದಲ್ಲಿ ಎದುರುಬದುರು ಕೂತು ಅಂಗಡಿಯ ಕೆಲಸ ಮಾಡುತ್ತಿದ್ದರು. ಪ್ರೆಸ್ಸಿನಿಂದ ಬಂದ ಅಚ್ಚಾದ ಹಾಳೆಗಳನ್ನು ದೊಡ್ಡಮ್ಮ ಮಡಚುವುದು, ಮಡಚಿದ್ದನ್ನು ಚಿಕ್ಕಮ್ಮ ಸೂಜಿದಾರದಲ್ಲಿ ಹೊಲಿಯುವುದು. 'ನಿನ್ನ ಹೊಲಿಗೆ ಸಡಿಲ' ಎಂದು ಇವಳು, 'ನಿಮ್ಮ ಮಡಿಕೆಯೇ ಓರೆ, ನನ್ನ ಹೊಲಿಗೆ ಏನು ಮಾಡೀತು' ಎಂದು ಅವಳು. ಕೆಳಗೆ ರಟ್ಟು ಕತ್ತರಿಸುತ್ತಿದ್ದ ಅಣ್ಣ ತಲೆ ಎತ್ತಿ ತಮ್ಮನಿಗೆ ಹೇಳುತ್ತಿದ್ದ: "ಮೇಲಿನ ಮೆಷಿನ್ ಚಾಲೂ ಆಯ್ತು ನೋಡು." ಮಾತಿಗೆ ಮಾತು ಬೆಳೆದಷ್ಟೂ ಕೈ ಚುರುಕಾಗುತ್ತಿತ್ತು. ಸಂಜೆಯ ಹೊತ್ತಿಗೆ ಹೊಲಿದ ಪುಸ್ತಕಗಳ ರಾಶಿ ಗೋಡೆಯ ಪಕ್ಕ ಸೊಂಟದೆತ್ತರ ನಿಂತಿರುತ್ತಿತ್ತು.

ದೊಡ್ಡಮ್ಮನಿಗೆ ಒಬ್ಬಳೇ ಮಗಳು, ದೊಡ್ಡಾಸ್ಪತ್ರೆಯೊಂದರಲ್ಲಿ ನರ್ಸು. ಮದುವೆಯಾಗಿ ಹೋದ ದಿನದಿಂದ ಅವಳಿಗೆ ವಾರಕ್ಕೊಮ್ಮೆ ಫೋನಿನಲ್ಲಿ ಚಿಕ್ಕಮ್ಮನ ಮೇಲಿನ ದೂರು ಕೇಳುವುದೇ ಕೆಲಸ. ಉಪ್ಪುಖಾರ ಹಚ್ಚಿ ಹೇಳುವುದರಲ್ಲಿ ದೊಡ್ಡಮ್ಮ ಯಾರಿಗೂ ಕಡಿಮೆಯಿರಲಿಲ್ಲ. ಚಿಕ್ಕಮ್ಮನ ಮಗ ಬಸ್ ಡ್ರೈವರ್. ಅವನ ಕಿವಿಗೂ ಅಷ್ಟೇ ಬಿದ್ದಿತ್ತು, ಇನ್ನೊಂದು ಕಡೆಯಿಂದ.

ಮೊದಲು ಅಣ್ಣ ಹೋದ. ಮೂರು ವರ್ಷ ಕಳೆದು ತಮ್ಮನೂ ಹೋದ. ಅಂಗಡಿ ಮುಚ್ಚಿತು. ಮುದುಕಿಯರಿಬ್ಬರೇ ಮೇಲೆ ಉಳಿದರು. ದೊಡ್ಡಮ್ಮನ ಸೊಂಟ ಬಗ್ಗದಾಗಿತ್ತು, ಚಿಕ್ಕಮ್ಮನ ಕಿವಿ ಮಂದವಾಗಿತ್ತು. ಬಗ್ಗಿ ಎತ್ತುವುದನ್ನೆಲ್ಲ ಚಿಕ್ಕಮ್ಮ ಎತ್ತುತ್ತಿದ್ದಳು, ಬಾಗಿಲು ಬಡಿದದ್ದನ್ನು ದೊಡ್ಡಮ್ಮ ಕೇಳಿಸಿಕೊಳ್ಳುತ್ತಿದ್ದಳು. ಜಗಳ ಮಾತ್ರ ಹಾಗೆಯೇ ಇತ್ತು. ಎದುರಿಗೆ ಕೂತು, ತುಟಿಯಾಡುವುದು ಕಾಣುವ ಹಾಗೆ ಆಡಿದರೆ ಚಿಕ್ಕಮ್ಮನಿಗೆ ಪೂರಾ ಅರ್ಥವಾಗುತ್ತಿತ್ತು. ಜಗಳವನ್ನು ಯಾರು ತಾನೇ ಬೆನ್ನು ತಿರುಗಿಸಿ ಆಡುತ್ತಾರೆ.

ಆಮೇಲೆ ಮನೆಯ ಮಾಲೀಕರು ಕಟ್ಟಡ ಕೆಡವುತ್ತೇವೆಂದು ಹೇಳಿ ಕಳಿಸಿದರು. ಮಕ್ಕಳಿಬ್ಬರೂ ಬಂದರು. ಒಂದು ಮಧ್ಯಾಹ್ನ ಹಜಾರದಲ್ಲಿ ಕೂತು ಎಲ್ಲವನ್ನೂ ತೀರ್ಮಾನಿಸಿದರು. ದೊಡ್ಡಮ್ಮ ಮಗಳ ಮನೆಗೆ, ಚಿಕ್ಕಮ್ಮ ಮಗನ ಮನೆಗೆ. ಎರಡು ಊರಿಗೂ ನಡುವೆ ಅರ್ಧ ದಿನದ ದಾರಿ. ಎಣ್ಣೆಯನ್ನೂ ಸೀಗೆಕಾಯಿಯನ್ನೂ ಒಂದೇ ಸೀಸೆಯಲ್ಲಿ ಇರುತ್ತೀರಾ ಎಂದು ಯಾರು ಕೇಳುತ್ತಾರೆ? ಮಗಳು ಅಮ್ಮನ ಕೈ ಹಿಡಿದು, "ಸಾಕಾಗಿತ್ತಲ್ಲಮ್ಮ ನಿಂಗೆ, ಇನ್ನಾದ್ರೂ ನೆಮ್ಮದಿಯಾಗಿರು" ಎಂದಳು. ದೊಡ್ಡಮ್ಮ "ಹೂಂ" ಎಂದಳು. ಇಷ್ಟು ವರ್ಷ ಆಡಿದ ಮಾತು ಬಂದು ಎದುರಿಗೆ ನಿಂತಿರುವಾಗ ಬೇರೆ ಏನು ಹೇಳಲು ಬರುತ್ತದೆ.

ಸಾಮಾನು ಕಟ್ಟಿದ್ದೆಲ್ಲ ಚಿಕ್ಕಮ್ಮನೇ. ದೊಡ್ಡಮ್ಮ ಮಂಚದ ಮೇಲೆ ಕೂತು ಹೇಳುವುದು, ಅವಳು ಟ್ರಂಕಿಗೆ ತುಂಬುವುದು. ಪಾತ್ರೆ ಹಂಚಿದರು, ಚಾಪೆ ಹಂಚಿದರು. ಹಂಚುವಾಗ ದೊಡ್ಡ ಜಗಳವಾದೀತೆಂದು ಮಕ್ಕಳು ಹೆದರಿದ್ದರು. ಜಗಳವೇ ಆಗಲಿಲ್ಲ. "ನೀನೇ ಇಟ್ಕೋ" ಎಂದಳು ಇವಳು, "ನೀವೇ ತಗೊಳ್ಳಿ ಅಕ್ಕ" ಎಂದಳು ಅವಳು. ಮಗಳಿಗೆ ಅದು ಒಳ್ಳೆಯ ಲಕ್ಷಣವಾಗಿ ಕಂಡಿತು.

ಟೆಂಪೋ ಹೊರಡುವ ಹೊತ್ತಿಗೆ ದೊಡ್ಡಮ್ಮ ಮೆಟ್ಟಿಲ ಬುಡದಲ್ಲಿ ನಿಂತು ತಿರುಗಿದಳು. ಏನೋ ಹೇಳಬೇಕಿತ್ತು. ಬಾಯಿಗೆ ಬಂದದ್ದು ಇಷ್ಟೇ: "ಒಲೆ ಆರಿಸಿದ್ಯಾ?"

ಒಲೆ ಹಿಂದಿನ ದಿನವೇ ಲಾರಿಯಲ್ಲಿ ಹೋಗಿತ್ತು. ಚಿಕ್ಕಮ್ಮ ಅವಳ ತುಟಿಯನ್ನೇ ನೋಡುತ್ತಿದ್ದವಳು, "ಆರಿಸ್ದೆ ಅಕ್ಕ" ಎಂದಳು.

ಮಗಳ ಮನೆ ಐದನೇ ಮಹಡಿಯಲ್ಲಿ. ಲಿಫ್ಟಿತ್ತು. ದೊಡ್ಡಮ್ಮನಿಗೆಂದೇ ಬಾತ್‌ರೂಮಿನ ಗೋಡೆಗೆ ಸ್ಟೀಲಿನ ಹಿಡಿ ಹಾಕಿಸಿದ್ದರು, ಮಂಚದ ಪಕ್ಕ ಕರೆಗಂಟೆ ಇಟ್ಟಿದ್ದರು. ಅಳಿಯ ಮೆದು ಮಾತಿನವನು. ಕಾಲೇಜಿಗೆ ಹೋಗುವ ಮೊಮ್ಮಗಳು ಬರುವಾಗ ಹೋಗುವಾಗ ಅಜ್ಜಿಯ ಕೆನ್ನೆ ಮುಟ್ಟಿ ಹೋಗುತ್ತಿದ್ದಳು. ಬೆರಳು ಮಾಡಿ ತೋರಿಸಲು ಒಂದು ತಪ್ಪೂ ಇರಲಿಲ್ಲ. ತಪ್ಪು ಹುಡುಕದೆ ಇದ್ದು ಅಭ್ಯಾಸವಿಲ್ಲದ ದೊಡ್ಡಮ್ಮನಿಗೆ ಅದೇ ಕಷ್ಟವಾಯಿತು.

ಒಂದು ದಿನ ಊಟಕ್ಕೆ ಕೂತಾಗ, "ಉಪ್ಪು ಜಾಸ್ತಿಯಾಯ್ತು" ಎಂದಳು. ಆಗಿರಲಿಲ್ಲ.

"ಹೌದಾಮ್ಮ? ನಾಳೆಯಿಂದ ಕಡಿಮೆ ಹಾಕ್ತೀನಿ," ಎಂದಳು ಮಗಳು.

ಅಲ್ಲಿಗೆ ಮಾತು ಮುಗಿಯಿತು. ಮರುದಿನ ನಿಜವಾಗಿ ಉಪ್ಪು ಕಡಿಮೆಯಿತ್ತು. ಬಾಯಿಮುಚ್ಚಿಕೊಂಡು ಉಂಡಳು.

ಕಿಟಕಿಗೆ ಪರದೆ ಬೇಡ ಎಂದರೆ ತೆಗೆದರು, ಬೇಕು ಎಂದರೆ ಹಾಕಿದರು. "ಆಯ್ತಮ್ಮ", "ಸರಿ ಅತ್ತೆ", "ನೀ ಹೇಳಿದ ಹಾಗೇ ಅಜ್ಜಿ." ಯಾವ ಮಾತು ಎಸೆದರೂ ಹತ್ತಿಯ ಮೂಟೆಗೆ ಬಿದ್ದ ಹಾಗೆ ಸದ್ದಿಲ್ಲದೆ ಅಡಗಿಹೋಗುತ್ತಿತ್ತು. ಮಧ್ಯಾಹ್ನ ಎಲ್ಲರೂ ಕೆಲಸಕ್ಕೆ ಹೋದ ಮೇಲೆ ದೊಡ್ಡಮ್ಮ ಕುರ್ಚಿಯಲ್ಲಿ ಕೂತು ಹಳೆಯ ದಿನಪತ್ರಿಕೆಯನ್ನು ಎರಡಾಗಿ, ನಾಲ್ಕಾಗಿ, ಎಂಟಾಗಿ ಮಡಚುತ್ತಿದ್ದಳು. ಮಡಿಕೆಯ ಮೇಲೆ ಹೆಬ್ಬೆರಳಿನ ಉಗುರು ಎಳೆದು ಪಕ್ಕಕ್ಕೆ ಇಡುತ್ತಿದ್ದಳು. ಎದುರಿಗಿದ್ದ ಕುರ್ಚಿಯಲ್ಲಿ ಯಾರೂ ಇರುತ್ತಿರಲಿಲ್ಲ. ಮಡಿಕೆ ಓರೆಯಾಗಿದೆಯೇ ನೇರವಾಗಿದೆಯೇ ಎಂದು ಹೇಳುವವರೂ ಇರಲಿಲ್ಲ.

ಮೊಮ್ಮಗಳು ಒಂದು ಭಾನುವಾರ, "ಅಜ್ಜಿ, ಹಳೇ ಕಥೆ ಏನಾದ್ರೂ ಹೇಳು" ಎಂದಳು. ದೊಡ್ಡಮ್ಮ ಅಂಗಡಿಗೆ ನೀರು ನುಗ್ಗಿದ ಕಥೆ ಹೇಳಿದಳು. ಬೀದಿಯ ದೊಡ್ಡ ಪೈಪು ಒಡೆದು, ಶಾಲೆಯ ಪುಸ್ತಕದ ಹಾಳೆಗಳೆಲ್ಲ ನೆನೆದು, ಮನೆಮಂದಿಯೆಲ್ಲ ಬೀದಿಗೆ ಅಡ್ಡಲಾಗಿ ಹಗ್ಗ ಕಟ್ಟಿ ಹಾಳೆ ಒಣಹಾಕಿದ್ದು.

"ಮೊಣಕಾಲುದ್ದ ನೀರು," ಎಂದಳು.

"ಅಯ್ಯೋ ಪಾಪ," ಎಂದಳು ಮೊಮ್ಮಗಳು.

ದೊಡ್ಡಮ್ಮ ಸುಮ್ಮನೆ ಕಾದಳು. ಈ ಕಥೆ ಈ ಮಾತಿಗೆ ಬಂದಾಗಲೆಲ್ಲ ಅಡುಗೆಮನೆಯಿಂದ ಒಂದು ದನಿ ಬರಬೇಕಿತ್ತು: 'ಮೊಣಕಾಲೂ ಇಲ್ಲ ಮಣ್ಣೂ ಇಲ್ಲ, ಹಿಮ್ಮಡಿ ಮುಳುಗಿದ್ರೆ ಹೆಚ್ಚು.' ಆ ದನಿ ಬರದೆ ಕಥೆ ಮುಂದೆ ಸಾಗಲಿಲ್ಲ. ಅವಳಿಗೇ ಅನುಮಾನ ಶುರುವಾಯಿತು. ಮೊಣಕಾಲೋ ಹಿಮ್ಮಡಿಯೋ? ಅವತ್ತು ನೀರಿನಲ್ಲಿ ನಿಂತ ನಾಲ್ವರಲ್ಲಿ ಇಬ್ಬರು ಇಲ್ಲ. ತನ್ನ ಜೊತೆ ಉಳಿದವಳು ಅರ್ಧ ದಿನದ ದಾರಿಯಾಚೆ ಇದ್ದಾಳೆ.

ಮೊಮ್ಮಗಳಿಂದ ಫೋನು ಹಚ್ಚಿಸಿದಳು.

"ಏ ಇವಳೇ, ಅಂಗಡಿಗೆ ನೀರು ನುಗ್ಗಿತ್ತಲ್ಲ, ಎಲ್ಲೀವರೆಗೆ ಬಂದಿತ್ತೇ?"

"ಹೂಂ ಅಕ್ಕ, ಆಯ್ತು. ನಿಮ್ದು ಆಯ್ತಾ ಊಟ?"

"ಊಟ ಅಲ್ವೇ, ನೀರು, ನೀರು."

"ನೀರು ಬರುತ್ತೆ ಅಕ್ಕ. ದಿನಾ ಬರುತ್ತೆ."

ಮೊಮ್ಮಗಳು ವಿಡಿಯೋ ಕರೆ ಮಾಡಿಕೊಟ್ಟಳು. ಆ ಕಡೆ ಫೋನನ್ನು ಹೇಗೆ ಹಿಡಿದಿದ್ದಳೋ, ಒಂದು ಫ್ಯಾನು ತಿರುಗುವುದು ಕಂಡಿತು, ನಡುವೆ ಒಮ್ಮೆ ಚಿಕ್ಕಮ್ಮನ ಹಣೆ, ನರೆಗೂದಲ ಬೈತಲೆ. ಮತ್ತೆ ಫ್ಯಾನು. ಕರೆ ಕಡಿದ ಮೇಲೂ ದೊಡ್ಡಮ್ಮ ಆ ಕಪ್ಪು ಗಾಜನ್ನು ಸ್ವಲ್ಪ ಹೊತ್ತು ನೋಡುತ್ತ ಕೂತಿದ್ದಳು. ಬೈತಲೆ ಓರೆಯಿತ್ತು. ಹಿಂದೆ ಬಾಚುವಾಗ ನೇರ ಮಾಡಿಕೊಡುತ್ತಿದ್ದದ್ದು ಇವಳೇ, 'ನಲವತ್ತು ವರ್ಷದಿಂದ ಬೈತಲೆ ತೆಗೆಯೋಕೆ ಬರಲ್ಲ' ಎಂದು ಬೈಯುತ್ತಾ.

ಅದಾದ ಮೇಲೆ ಊಟ ಸೇರುವುದು ಕಡಿಮೆಯಾಯಿತು. ಮಗಳು ನರ್ಸು, ಸುಮ್ಮನಿರುತ್ತಾಳೆಯೇ? ರಕ್ತ ಪರೀಕ್ಷೆ ಮಾಡಿಸಿದಳು, ಮಾತ್ರೆ ಬದಲಾಯಿಸಿದಳು. ಎಲ್ಲ ಸರಿಯಾಗಿದೆ ಎಂದು ಬಂತು.

"ಏನಾಗ್ತಿದೆ ಅಂತ ಹೇಳಮ್ಮ," ಎಂದಳು ಮಗಳು.

ಹೇಳುವುದು ಹೇಗೆ? ಅವಳನ್ನು ನೋಡಬೇಕು ಎನ್ನುವ ಮಾತು ಬಾಯಿಂದ ಹೊರಡಬೇಕಾದರೆ ಇಷ್ಟು ವರ್ಷ ಫೋನಿನಲ್ಲಿ ಆಡಿದ್ದನ್ನೆಲ್ಲ ನುಂಗಬೇಕಿತ್ತು. ದೊಡ್ಡಮ್ಮ ಬಹಳ ಯೋಚಿಸಿ ಒಂದು ದಾರಿ ಹುಡುಕಿದಳು.

"ನನ್ನ ಕತ್ತರಿ ಅವಳ ಹತ್ರ ಹೋಗಿದೆ."

"ಯಾವ ಕತ್ತರಿ?"

"ಅಂಗಡೀದು. ನಿಮ್ಮಪ್ಪ ರಟ್ಟಿಗೆ ಅಂಟಿಸೋ ಕ್ಯಾಲಿಕೋ ಬಟ್ಟೆ ಕತ್ತರಿಸ್ತಿದ್ದದ್ದು. ಸಾಮಾನು ಕಟ್ಟುವಾಗ ತನ್ನ ಗಂಟಿಗೆ ಸೇರಿಸ್ಕೊಂಡಿದ್ದಾಳೆ."

"ಹೋಗ್ಲಿ ಬಿಡಮ್ಮ, ಹೊಸದು ತರ್ತೀನಿ."

"ಹೊಸದು ಯಾರಿಗೆ ಬೇಕು?"

"ಸರಿ, ಡ್ರೈವರ್ ತಮ್ಮನಿಗೆ ಹೇಳಿ ಕೊರಿಯರ್ ಮಾಡಿಸ್ತೀನಿ."

"ಅವಳು ಯಾವುದೋ ತುಕ್ಕು ಹಿಡಿದದ್ದು ಕಳಿಸಿ ಕೈತೊಳ್ಕೋತಾಳೆ. ನಾನೇ ಹೋಗಿ ಗುರುತು ಹಿಡೀಬೇಕು."

ಮಗಳು ನಿಟ್ಟುಸಿರು ಬಿಟ್ಟಳು. ಅಲ್ಲಿ ಹೋಗಿ ಮತ್ತೆ ರಂಪ ಎಬ್ಬಿಸುತ್ತಾಳೆ ಎಂದು ಗಂಡನ ಹತ್ತಿರ ಹೇಳಿಕೊಂಡಳು. ಆದರೆ ಹಟ ಹಿಡಿದ ಎರಡನೇ ದಿನವೇ ಅಮ್ಮ ಇನ್ನೊಂದು ಸಲ ಅನ್ನ ಹಾಕಿಸಿಕೊಂಡದ್ದನ್ನು ಅವಳು ಕಂಡಿದ್ದಳು. ಮುಂದಿನ ರಜೆಯ ದಿನ ಅಳಿಯ ಕಾರು ತೆಗೆದ.

ಬಸ್ ಡ್ರೈವರನ ಮನೆ ಡಿಪೋ ಹಿಂದಿನ ಬೀದಿಯಲ್ಲಿತ್ತು. ಎರಡು ಕೋಣೆ, ಮುಂದೆ ಒಂದು ಜಗಲಿ. ಚಿಕ್ಕಮ್ಮ ಒಳಗೆ ಗೋಡೆಗೊರಗಿ ಕೂತಿದ್ದಳು. ಬಾಗಿಲಲ್ಲಿ ನೆರಳು ಬಿದ್ದಾಗ ತಲೆ ಎತ್ತಿದಳು. ಏಳಲು ಹೋಗಿ, ಹಿಡಿಯಲು ಆಸರೆ ಸಿಗದೆ, ಮತ್ತೆ ಕೂತಳು.

"ಬನ್ನಿ ಅಕ್ಕ. ಚೆನ್ನಾಗಿದೀರಾ? ಪ್ರಯಾಣ ಆರಾಮಾಯ್ತಾ?"

ದೊಡ್ಡಮ್ಮ ಬಾಗಿಲಲ್ಲೇ ನಿಂತು ಅವಳನ್ನು ನೋಡಿದಳು. ನೆಂಟರನ್ನು ವಿಚಾರಿಸುವ ಮಾತು. ಎಷ್ಟು ಸಣ್ಣಗಾಗಿದ್ದಾಳೆ, ಕುಪ್ಪಸದ ತೋಳು ಜೋತುಬಿದ್ದಿದೆ. ಸೊಸೆ ಟೀ ತಂದಿಟ್ಟಳು. "ಅತ್ತೆ ಈಗ ಮಾತೇ ಆಡಲ್ಲ," ಎಂದಳು, "ಕೇಳಿಸಲ್ವಲ್ಲ, ನಾವೂ ಎಷ್ಟು ಅಂತ ಕೂಗೋದು. ಏನು ಕೊಟ್ರೂ ತಿಂತಾರೆ, ಎಲ್ಲಿ ಕೂರಿಸಿದ್ರೂ ಕೂರ್ತಾರೆ. ಪಾಪ, ಒಂದು ಕಿರಿಕಿರಿ ಇಲ್ಲ."

ಎಲ್ಲಿ ಕೂರಿಸಿದರೂ ಕೂರುತ್ತಾಳಂತೆ. ಹಗ್ಗದ ತುದಿಯ ಒಂದು ಗೇಣು ಬಿಸಿಲಿಗಾಗಿ ಇಡೀ ಬೆಳಿಗ್ಗೆ ವಾದ ಮಾಡಿದವಳು. ದೊಡ್ಡಮ್ಮ ಕಪ್ಪು ಕೆಳಗಿಟ್ಟು, ಕುರ್ಚಿಯನ್ನು ಎಳೆಸಿಕೊಂಡು ಅವಳ ಎದುರಿಗೆ, ಮುಖಕ್ಕೆ ಮುಖ ಕೊಟ್ಟು ಕೂತಳು.

"ನನ್ನ ಕತ್ತರಿ ಕೊಡು."

ಚಿಕ್ಕಮ್ಮ ಅವಳ ತುಟಿ ನೋಡಿದಳು. ಆಮೇಲೆ ಕಣ್ಣು ನೋಡಿದಳು.

"ಯಾವ ಕತ್ತರಿ?"

"ಅಂಗಡೀದು. ಕರೀ ಹಿಡೀದು. ನಿನ್ನ ಹತ್ರ ಇದೆ."

ಚಿಕ್ಕಮ್ಮ ನಿಧಾನಕ್ಕೆ ಬೆನ್ನು ನೆಟ್ಟಗೆ ಮಾಡಿದಳು, ಸೆರಗು ಸರಿಮಾಡಿಕೊಂಡಳು.

"ಇದೆ. ಕೊಡಲ್ಲ."

"ಯಾಕೆ ಕೊಡಲ್ಲ?"

"ಯಾಕೆ ಕೊಡ್ಲಿ? ನಿಮಗೆ ಮಡಚೋ ಕೆಲಸ ಇದ್ದದ್ದು. ಕತ್ತರಿ ನಿಮಗ್ಯಾಕೆ?"

"ನನ್ನ ಗಂಡ ಕೊಂಡುತಂದದ್ದು."

"ಕೊಂಡುತಂದ್ರೆ? ದಿನಾ ಸಾಣೆ ಹಿಡಿಸ್ತಿದ್ದೋರು ಯಾರು? ನಮ್ಮೋರು."

"ಸಾಣೆ ಹಿಡಿಸಿ ಹಿಡಿಸಿ ಸವೆಸಿದ್ದೇ ನಿಮ್ಮೋರು."

ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ. ಕತ್ತರಿಯಿಂದ ಒಲೆಗೆ, ಒಲೆಯಿಂದ ಹಗ್ಗಕ್ಕೆ, ಹಗ್ಗದಿಂದ ಅಂಗಡಿಗೆ ನುಗ್ಗಿದ ನೀರಿಗೆ. "ಮೊಣಕಾಲು" ಎಂದಳು ದೊಡ್ಡಮ್ಮ. "ಹಿಮ್ಮಡಿ" ಎಂದಳು ಚಿಕ್ಕಮ್ಮ, ನೆಲಕ್ಕೆ ಕೈ ಬಡಿದು, "ನಿಮ್ಮ ಸೀರೆ ನೆರಿಗೆ ಕೂಡ ನೆಂದಿರಲಿಲ್ಲ, ಮೆಟ್ಟಿಲ ಮೇಲೆ ನಿಂತು ನನ್ನ ಕೈಲಿ ಹಾಳೆ ಎತ್ತಿಸಿದ್ರಿ." ಡಿಪೋದಿಂದ ಬಂದ ಮಗ ಬಾಗಿಲಲ್ಲೇ ನಿಂತುಬಿಟ್ಟ. ತಿಂಗಳುಗಟ್ಟಲೆ ಅಮ್ಮನ ಬಾಯಿಂದ 'ಹೂಂ', 'ಊಹೂಂ' ಬಿಟ್ಟು ಬೇರೆ ಕೇಳಿರಲಿಲ್ಲ ಅವನು. ನಡುವೆ ಹೋಗಿ ಬಿಡಿಸಬೇಕೆಂದು ನರ್ಸ್ ಮಗಳು ಎದ್ದಳು. ಹತ್ತಿರ ಹೋದವಳು ಅಮ್ಮನ ಮುಖ ನೋಡಿ ನಿಂತಳು. ಕೆನ್ನೆಗೆ ಬಣ್ಣ ಬಂದಿತ್ತು. ಚಿಕ್ಕಮ್ಮನ ಕಣ್ಣು ಹೊಳೆಯುತ್ತಿತ್ತು.

"ಇರು ತಮ್ಮ," ಎಂದು ಅವನ ತೋಳು ಹಿಡಿದು ಎಲ್ಲರನ್ನೂ ಜಗಲಿಗೆ ಕರೆದುಕೊಂಡು ಹೋದಳು.

ಒಳಗೆ ಇಬ್ಬರೇ ಉಳಿದಾಗ ಮಾತು ತಾನಾಗಿ ಇಳಿಯಿತು. ಚಿಕ್ಕಮ್ಮ ಸುಧಾರಿಸಿಕೊಂಡು, ಹತ್ತಿರ ಸರಿದು, ಮೆಲ್ಲಗೆ ಹೇಳಿದಳು.

"ಕತ್ತರಿ ನಿಮ್ಮ ಟ್ರಂಕಲ್ಲೇ ಇದೆ ಅಕ್ಕ. ಅಡೀಲಿ, ಕಂಬಳಿ ಮಡಿಕೇಲಿ. ನಾನೇ ಸುತ್ತಿ ಇಟ್ಟಿದ್ದು."

"ಗೊತ್ತು."

"ಗೊತ್ತಿದ್ದೂ ಬಂದ್ರಾ?"

ದೊಡ್ಡಮ್ಮ, "ಇಲ್ಲ ಅಂತ ಗೊತ್ತಿದ್ದೂ ಇದೆ ಅಂತ ಯಾಕೆ ಅಂದೆ?" ಎಂದಳು.

"ನೀವು ಬೆಳಗಿನಿಂದ ಕಾರಲ್ಲಿ ಕೂತು ಬಂದಿದ್ರಿ. ಇಲ್ಲ ಅಂದಿದ್ರೆ ಟೀ ಕುಡಿದು ಎದ್ದು ಹೋಗ್ತಿದ್ರಿ."

ದೊಡ್ಡಮ್ಮ ಕೈ ಚಾಚಿ ಅವಳ ಮುಂದಲೆಯ ಕೂದಲನ್ನು ಬೆರಳಿನಿಂದಲೇ ಎರಡು ಭಾಗ ಮಾಡಿ ಬೈತಲೆ ನೇರ ಮಾಡಿದಳು. "ಸೊಸೆ ಬಾಚಲ್ವಾ?" ಎಂದಳು. "ಬಾಚ್ತೀನಿ ಅಂತಾಳೆ. ನಾನೇ ಬೇಡ ಅಂತೀನಿ," ಎಂದಳು ಚಿಕ್ಕಮ್ಮ. ಆಮೇಲೆ ಸೆರಗಿನ ತುದಿ ಬಾಯಿಗೆ ಹಿಡಿದು ತುಂಬ ಹೊತ್ತು ಅತ್ತಳು.

ಜಗಲಿಯಲ್ಲಿ ಅಕ್ಕತಮ್ಮ ಬಹಳ ಹೊತ್ತು ಮಾತಾಡಿದರು. ಯಾರ ಮನೆಯೂ ಇಬ್ಬರನ್ನು ಸದಾ ಇಟ್ಟುಕೊಳ್ಳುವಷ್ಟು ದೊಡ್ಡದಲ್ಲ. ಅಮ್ಮನನ್ನು ಪೂರಾ ಬಿಟ್ಟುಕೊಡಲು ಇಬ್ಬರಿಗೂ ಮನಸ್ಸಿಲ್ಲ. ಕೊನೆಗೆ ಡ್ರೈವರನೇ ಹೇಳಿದ: "ಆರು ತಿಂಗಳು ನಿಮ್ಮಲ್ಲಿ, ಆರು ತಿಂಗಳು ನಮ್ಮಲ್ಲಿ. ಎಲ್ಲಿದ್ರೂ ಇಬ್ಬರೂ ಒಟ್ಟಿಗೆ ಇರ್ಲಿ. ಕರ್ಕೊಂಡು ಬರೋದು ಬಿಡೋದು ನನ್ನ ಜವಾಬ್ದಾರಿ. ಗಾಡಿ ಓಡಿಸೋದು ಬಿಟ್ಟು ನಂಗೆ ಇನ್ನೇನು ಗೊತ್ತಕ್ಕ."

ಮಗಳು ಒಳಗೆ ಬಂದು ವಿಷಯ ಹೇಳಿದಳು. "ಒಟ್ಟಿಗೆ ಇರ್ತೀಯಾಮ್ಮ?"

"ನಾನೆಲ್ಲಿ ಕೇಳಿದೆ?" ಎಂದಳು ದೊಡ್ಡಮ್ಮ. "ಇವಳಿಗೆ ಬಾಗಿಲು ಬಡಿದ್ರೆ ಕೇಳಿಸಲ್ಲ. ಒಬ್ಬರು ಬೇಕು, ಅಷ್ಟೇ."

"ಅಕ್ಕಂಗೆ ಬಗ್ಗೋಕಾಗಲ್ಲ," ಎಂದಳು ಚಿಕ್ಕಮ್ಮ.

ಹಿಂತಿರುಗುವ ದಾರಿಯಲ್ಲಿ ಮಗಳು ಕೇಳಿಯೇಬಿಟ್ಟಳು. "ಮತ್ತೆ ಇಷ್ಟು ವರ್ಷ ನನ್ನ ಹತ್ರ ಅವರ ಮೇಲೆ ಅಷ್ಟೊಂದು ಹೇಳ್ತಿದ್ಯಲ್ಲ?"

ದೊಡ್ಡಮ್ಮ ಕಾರಿನ ಕಿಟಕಿಯಾಚೆ ನೋಡುತ್ತ, "ಇಡೀ ದಿನ ಅವಳ ಜೊತೆ ಇರ್ತಿದ್ದೆ. ನಿಂಗೆ ಹೇಳೋಕೆ ನನ್ನ ಹತ್ರ ಇನ್ನೇನು ಸುದ್ದಿ ಇತ್ತು?" ಎಂದಳು.

ಬಿಸಿಲುಗಾಲ ಕಳೆದ ಮೇಲೆ ಡ್ರೈವರ್ ಸ್ನೇಹಿತನೊಬ್ಬನ ವ್ಯಾನು ಕೇಳಿ ತಂದು, ದೊಡ್ಡಮ್ಮನನ್ನೂ ಅವಳ ಟ್ರಂಕನ್ನೂ ತನ್ನ ಮನೆಗೆ ಕರೆತಂದ. ಮೊದಲ ಆರು ತಿಂಗಳು ಅಲ್ಲಿ. ಸೊಸೆಗೆ ತಲೆನೋವು ಬಂತು ಎನ್ನುವುದೂ ನಿಜ, ಅತ್ತೆಯ ಮೈಗೆ ಮಾಂಸ ಬಂತು ಎನ್ನುವುದೂ ನಿಜ. ಆಮೇಲೆ ಇಬ್ಬರನ್ನೂ ಕೂರಿಸಿಕೊಂಡು ಐದನೇ ಮಹಡಿಯ ಮನೆಗೆ ಹೊರಟ.

ದಾರಿ ಹಳೆಯ ಊರಿನ ಹೊರಗಿನಿಂದ ಹಾದುಹೋಗುತ್ತಿತ್ತು. "ಒಳಗಿನ ದಾರೀಲಿ ಹೋಗು," ಎಂದಳು ಚಿಕ್ಕಮ್ಮ. ಮಗ ಹಿಂದೆ ಮುಂದೆ ನೋಡಿದ. ಅಲ್ಲಿ ಈಗ ಏನೂ ಇಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೂ ತಿರುಗಿಸಿದ.

ಬೀದಿಯಲ್ಲಿ ವ್ಯಾನು ನಿಧಾನವಾಯಿತು. ಎರಡು ಕಟ್ಟಡಗಳ ನಡುವೆ ಹಲ್ಲು ಬಿದ್ದ ಜಾಗದ ಹಾಗೆ ಖಾಲಿಯಿತ್ತು. ತಗಡಿನ ಬೇಲಿ, ಜಲ್ಲಿಯ ರಾಶಿ. ಪಕ್ಕದ ಮನೆಯ ಎತ್ತರದ ಗೋಡೆಯ ಮೇಲೆ ಮಾತ್ರ ಇವರ ಮನೆಯ ಗುರುತು ಉಳಿದಿತ್ತು. ಮೆಟ್ಟಿಲು ಹತ್ತಿಹೋದ ಜಾಗ ಗರಗಸದ ಹಲ್ಲಿನಂತೆ ಓರೆಯಾಗಿ ಮೇಲೇರಿತ್ತು. ಅದರ ಮೇಲೆ ಒಂದು ಚೌಕ ತಿಳಿಹಸಿರು, ನಡುವೆ ಹೊಗೆ ಹಿಡಿದು ಕಪ್ಪಾದ ಪಟ್ಟಿ, ಆಚೆ ಒಂದು ಚೌಕ ನೀಲಿ. ಹಸಿರು ದೊಡ್ಡಮ್ಮನ ಕೋಣೆ, ನೀಲಿ ಚಿಕ್ಕಮ್ಮನದು. ನೀಲಿಯಲ್ಲಿ ಒಂದು ಮೊಳೆ ಇನ್ನೂ ಇತ್ತು.

ಇಬ್ಬರೂ ಒಂದೇ ಕಿಟಕಿಗೆ ಬಾಗಿ ನೋಡಿದರು. ಜಗಳಕ್ಕೆ ಏನೂ ಸಿಗಲಿಲ್ಲ.

"ಅಷ್ಟು ಚಿಕ್ಕದಾಗಿತ್ತಾ ಅಕ್ಕ?" ಎಂದಳು ಚಿಕ್ಕಮ್ಮ.

"ಅಷ್ಟೇ ಇದ್ದದ್ದು," ಎಂದಳು ದೊಡ್ಡಮ್ಮ.

ಹಿಂದಿನಿಂದ ಲಾರಿಯವನು ಹಾರ್ನ್ ಬಾರಿಸಿದ. ವ್ಯಾನು ಮುಂದೆ ಸರಿಯಿತು. ಗೋಡೆ ಮರೆಯಾಗುವವರೆಗೂ ಕತ್ತು ತಿರುಗಿಸಿದ್ದರು.

ಈಗಲೂ ವರ್ಷಕ್ಕೆ ಎರಡು ಸಲ ಅವರ ಮನೆ ಬದಲಾಗುತ್ತದೆ. ಒಂದು ಟ್ರಂಕು, ಒಂದು ಹಾಸಿಗೆಯ ಸುರುಳಿ, ಔಷಧಿಯ ಎರಡು ಚೀಲ. ಒಂದು ಮನೆಯಲ್ಲಿದ್ದಾಗ ಇನ್ನೊಂದೇ ವಾಸಿ ಎಂದು ದೊಡ್ಡಮ್ಮ ಹೇಳುತ್ತಾಳೆ, ಅಲ್ಲಿಗೆ ಹೋದ ಮೇಲೆ ಅದನ್ನೇ ಚಿಕ್ಕಮ್ಮ ಹೇಳುತ್ತಾಳೆ. ಎರಡೂ ಅಲ್ಲದ ಮೂರನೆಯದರ ಹೆಸರನ್ನು ಮಾತ್ರ ಇಬ್ಬರೂ ಎತ್ತುವುದಿಲ್ಲ. ಡ್ರೈವರ್ ಕೇಳದೆಯೇ ಒಳಗಿನ ದಾರಿ ಹಿಡಿಯುತ್ತಾನೆ. ಮುಂದಿನ ಸಲ ಬಂದಾಗ ಕಂಬಗಳು ಎದ್ದಿದ್ದವು, ಅದರ ಮುಂದಿನ ಸಲ ಹೊಸ ಕಟ್ಟಡದ ಇಟ್ಟಿಗೆ ಗೋಡೆ ಪಕ್ಕದ ಗೋಡೆಗೆ ಅಂಟಿ ಮೇಲೆದ್ದು ಹಸಿರನ್ನೂ ನೀಲಿಯನ್ನೂ ಪೂರಾ ಮುಚ್ಚಿತ್ತು. ಆದರೂ ಆ ಜಾಗ ಬಂದಾಗ ವ್ಯಾನು ನಿಧಾನವಾಗುತ್ತದೆ, ಮುದುಕಿಯರು ಮಾತು ನಿಲ್ಲಿಸಿ ಆ ಬದಿಯ ಕಿಟಕಿಗೆ ಬಾಗುತ್ತಾರೆ.